ಕಾಲಿಗೆ ನೆಲ ಸಿಗುವ ಸೈಕಲ್

ಬೀಗ ರಿಪೇರಿ ಮಾಡುವ ಅಜ್ಜ ಸೈಕಲ್ಲಿನಿಂದ ಬಿದ್ದದ್ದು ಓಡಿಸುವಾಗ ಅಲ್ಲ, ಇಳಿಯುವಾಗ.

ಅವರಿಗೆ ಅರವತ್ತೊಂಬತ್ತು ವರ್ಷ, ಸೈಕಲ್ಲಿಗೆ ನಲವತ್ತು. ಎತ್ತರದ ಸೀಟು, ಸೀಟಿನಿಂದ ಹ್ಯಾಂಡಲ್‌ವರೆಗೆ ಅಡ್ಡ ಕಂಬಿ, ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಹತ್ತುವುದಾದರೂ ಇಳಿಯುವುದಾದರೂ ಬಲಗಾಲನ್ನು ಹಿಂದಿನ ಕ್ಯಾರಿಯರ್ ಮೇಲಿಂದ ಬೀಸಿ ತರಬೇಕು. ಕ್ಯಾರಿಯರ್ ಮೇಲೆ ಸಲಕರಣೆಯ ಪೆಟ್ಟಿಗೆ ಬೇರೆ.

ದಿನಾ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಅವರು ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದರು. ಅಕ್ಕನಿಗೆ ಎಂಬತ್ತರ ಹತ್ತಿರ, ಕಣ್ಣು ಮಂಜು, ನಡೆಯಲು ಆಗುತ್ತಿರಲಿಲ್ಲ. ಊಟ ತಿಂಡಿಯನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ತಮ್ಮ ಬಂದು ಕಣ್ಣಿಗೆ ಔಷಧಿ ಹಾಕಿ, ಪೇಪರ್ ಓದಿ ಹೇಳಿ, ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಆ ದಿಕ್ಕಿಗೆ ಬಸ್ಸಿಲ್ಲ.

ಆ ದಿನ ಅಕ್ಕನ ಮನೆ ಮುಂದೆ ಇಳಿಯುವಾಗ ಬಲಗಾಲು ಪೆಟ್ಟಿಗೆಗೆ ಸಿಕ್ಕಿಕೊಂಡಿತು. ಸೈಕಲ್ ಸಮೇತ ಮಗ್ಗುಲಾಗಿ ಬಿದ್ದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎದ್ದು ಬಟ್ಟೆ ಕೊಡವಿಕೊಂಡು, ಮನೆಗೆ ಬಂದು, ಅಂಗಡಿ ಬಾಗಿಲು ತಾಗಿತು ಎಂದು ಮಗಳಿಗೆ ಹೇಳಿದರು.

ಮಗಳು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸ್. ಸೊಂಟದ ಮೇಲೆ ಅಂಗೈ ಅಗಲ ನೀಲಿಗಟ್ಟಿದ್ದನ್ನು ನೋಡಿದಳು.

"ಬಾಗಿಲು ತಾಗಿದ್ರೆ ಹೀಗಾಗಲ್ಲ ಅಪ್ಪಾ, ಸೈಕಲ್ಲಿಂದ ಬಿದ್ದಿದ್ದೀರಿ," ಎಂದಳು.

ಅವರು ಅಂಗಿ ಕೆಳಗೆಳೆದುಕೊಂಡರು. ಅವಳು ಜಗಳ ಮಾಡಲಿಲ್ಲ. ಸೊಂಟದ ಮೂಳೆ ಮುರಿದುಕೊಂಡು ಬಂದ ಹಿರಿಯರನ್ನು ಅವಳು ತನ್ನ ಕೈಯಾರೆ ಮಗ್ಗುಲು ಹೊರಳಿಸಿದ್ದಳು. ಕೆಲವರು ಕೋಲು ಹಿಡಿದು ಮನೆಗೆ ಹೋಗಿದ್ದರು, ಕೆಲವರು ಹೋಗಲೇ ಇಲ್ಲ. ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪನ ಸೈಕಲ್ಲನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬೀಗ ಜಡಿದಳು.

ಅಜ್ಜ ಆ ಬೀಗವನ್ನು ನೋಡಿದರು. ಎರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ತೆಗೆಯಬಹುದಾದ ಬೀಗ. ಊರವರ ಬೀಗವೆಲ್ಲ ತೆಗೆದ ಕೈ ಅದು. ಆದರೂ ಮುಟ್ಟಲಿಲ್ಲ.

ಮೊದಲ ವಾರ ಅಕ್ಕನ ಮನೆಗೆ ನಡೆದುಕೊಂಡು ಹೋದರು. ಮೊಣಕಾಲು ಊದಿಕೊಂಡಿತು. ಎರಡನೇ ವಾರ ಅಂಗಡಿಗಷ್ಟೇ ಹೋದರು. ಮೂರನೇ ವಾರ ಅಲ್ಲಿಗೂ ಹೋಗದೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಇನ್ನು ಬೀಳುವ ಭಯವಿಲ್ಲ ಎಂದು ಮಗಳು ನೆಮ್ಮದಿಯಿಂದ ಇದ್ದಳು.

ಒಂದು ರಜೆಯ ದಿನ ಅವಳೇ ಸೋದರತ್ತೆಗೆ ಔಷಧಿ ಹಾಕಿ ಬರಲು ಹೋದಳು. ತಮ್ಮ ಯಾಕೆ ಬರುತ್ತಿಲ್ಲ ಎಂದು ಅತ್ತೆ ಕೇಳಿದರು. ಬಿದ್ದದ್ದು, ಬೀಗ ಹಾಕಿದ್ದು ಎಲ್ಲ ಹೇಳಿದಳು. ಅತ್ತೆ ಅವಳ ಕೈ ಹುಡುಕಿ ಹಿಡಿದುಕೊಂಡರು.

"ನನ್ನನ್ನೂ ಹೀಗೇ ಕೂರಿಸಿದ್ರು ಮಗಳೇ," ಎಂದರು. "ಮೆಟ್ಟಿಲಲ್ಲಿ ಒಂದ್ಸಲ ಜಾರಿದ್ದೆ. ಎಲ್ರೂ ಪ್ರೀತಿಯಿಂದಲೇ ಹೇಳಿದ್ರು, ಕೂತ್ಕೋ, ಬೀಳ್ತೀಯ ಅಂತ. ಕೂತೆ. ಆಮೇಲೆ ಏಳೋಣ ಅಂದಾಗ ಕಾಲಿಗೆ ಏಳೋದೇ ಮರೆತುಹೋಗಿತ್ತು."

ಮಗಳು ಔಷಧಿಯ ಬಾಟಲಿ ಮುಚ್ಚಿಟ್ಟು ಎದ್ದಳು. ವಾಪಸ್ ಬರುವಾಗ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತಳು. ಅಂಗಡಿ ನಡೆಸುವವಳು ಅವಳ ಶಾಲೆಯ ಗೆಳತಿ. ಅಪ್ಪನ ಕಷ್ಟ ಹೇಳಿ, ಇಷ್ಟು ವಯಸ್ಸಾದವರು ಸೈಕಲ್ ಹೊಡೆಯಬಹುದೇ ಎಂದು ಕೇಳಿದಳು.

"ತಲೆ ಸುತ್ತು ಇದ್ಯಾ? ಕಣ್ಣು ಹೇಗಿದೆ? ಮೊದಲು ಡಾಕ್ಟರನ್ನ ಕೇಳು," ಎಂದಳು ಗೆಳತಿ. "ಅವರು ಹೂಂ ಅಂದ್ರೆ ಇಲ್ಲಿಗೆ ಕರ್ಕೊಂಡು ಬಾ. ನೀನೊಬ್ಬಳೇ ಬಂದು ಬಣ್ಣ ನೋಡಿ ತಗೊಂಡು ಹೋಗ್ಬೇಡ. ಚಪ್ಪಲಿ ಕೊಳ್ಳೋಕೆ ಕಾಲನ್ನ ಮನೇಲಿ ಬಿಟ್ಟು ಬರ್ತೀವಾ?"

ಡಾಕ್ಟರು ಕಣ್ಣು, ಕಿವಿ, ರಕ್ತದೊತ್ತಡ ನೋಡಿ, ಮೊಣಕಾಲಿಗೆ ನಡಿಗೆಗಿಂತ ಸೈಕಲ್ಲೇ ಹಗುರ, ಆದರೆ ಅಷ್ಟು ಎತ್ತರದ್ದು ಬೇಡ ಎಂದರು. ಅಜ್ಜನನ್ನು ಅಂಗಡಿಗೆ ಕರೆತರಲು ಮತ್ತೆ ನಾಲ್ಕು ದಿನ ಹಿಡಿಯಿತು. ಹಳೆಯದಕ್ಕೇನಾಗಿದೆ ಎನ್ನುವುದೇ ಅವರ ವಾದ. ಗೆಳತಿ ಅಡ್ಡ ಕಂಬಿಯಿಲ್ಲದ, ನಡುಭಾಗ ಕಣಕಾಲಿನ ಎತ್ತರಕ್ಕೆ ತಗ್ಗಿದ ಸೈಕಲ್ಲೊಂದನ್ನು ಮುಂದೆ ನಿಲ್ಲಿಸಿದಾಗ ಅವರು ಮೂಗು ಮುರಿದರು.

"ಇದು ಹೆಂಗಸರ ಸೈಕಲ್ಲು."

"ಇದು ಮೊಣಕಾಲಿನ ಸೈಕಲ್ಲು ಅಜ್ಜ. ಮೊಣಕಾಲಿಗೆ ಗಂಡು ಹೆಣ್ಣು ಗೊತ್ತಿಲ್ಲ."

ಅಜ್ಜ ನಗಲಿಲ್ಲ, ಆದರೆ ಹೊರಟೂ ಹೋಗಲಿಲ್ಲ. ಕಾಲು ಬೀಸದೆ, ಹೊಸ್ತಿಲು ದಾಟಿದ ಹಾಗೆ ಒಳಗೆ ಹೆಜ್ಜೆಯಿಟ್ಟು ನಿಂತರು. ಗೆಳತಿ ಸೀಟು ಇಳಿಸಿದಳು. ಕೂತಾಗ ಎರಡೂ ಪಾದಕ್ಕೆ ನೆಲ ಸಿಗಬೇಕು, ಇಲ್ಲದಿದ್ದರೆ ಅದು ನಿಮ್ಮ ಸೈಕಲ್ಲಲ್ಲ ಎಂದಳು. ಇದರಲ್ಲಿ ಪೆಡಲ್ಲು ಸ್ವಲ್ಪ ಮುಂದಕ್ಕಿರುವುದರಿಂದ, ಸೀಟು ತಗ್ಗಿದ್ದರೂ ತುಳಿಯುವಾಗ ಕಾಲು ಚಾಚಿಕೊಳ್ಳುತ್ತದೆ, ಮೊಣಕಾಲು ಎದೆಗೆ ಬರುವುದಿಲ್ಲ ಎಂದು ತೋರಿಸಿದಳು. ಹ್ಯಾಂಡಲ್ಲನ್ನು ಎತ್ತರಿಸಿ ಅವರ ಕಡೆಗೆ ತಿರುಗಿಸಿದಳು. ಬೆನ್ನು ನೆಟ್ಟಗಾಯಿತು, ಮಣಿಕಟ್ಟಿನ ಮೇಲಿನ ಭಾರ ಇಳಿಯಿತು.

ಆಮೇಲೆ ಬ್ರೇಕ್ ಹಿಡಿಯಲು ಹೇಳಿದಳು. ಬೀಗದ ಕೆಲಸದಿಂದ ಪೆಡಸಾದ ಬೆರಳುಗಳು. ಇಡೀ ಮುಷ್ಟಿ ಬಿಗಿದರೂ ಚಕ್ರ ಪೂರ್ತಿ ನಿಲ್ಲಲಿಲ್ಲ. ಗೆಳತಿ ಆ ಸೈಕಲ್ಲನ್ನು ಒಳಗಿಟ್ಟು ಇನ್ನೊಂದನ್ನು ತಂದಳು. ಅದೂ ಅದೇ ಆಕಾರದ್ದು, ಬಣ್ಣ ಮಾಸಿತ್ತು, ಆದರೆ ಎರಡು ಬೆರಳಿಗೆ ಬ್ರೇಕ್ ಹಿಡಿಯಿತು. ಟೈರು ಅಗಲ, ಗುಂಡಿಗೆ ಬಿದ್ದರೂ ಸೊಂಟಕ್ಕೆ ಕುಟ್ಟುವುದಿಲ್ಲ. ಒಂದು ಕೈಯಲ್ಲಿ ಮೆಟ್ಟಿಲು ಹತ್ತಿಸುವಷ್ಟು ಹಗುರ. ಸಲಕರಣೆಯ ಪೆಟ್ಟಿಗೆಯ ಬದಲು ಮುಂದೆ ಒಂದು ಬುಟ್ಟಿ ಹಾಕಿ, ಕನ್ನಡಿ ಮತ್ತು ದೀಪ ಕೂರಿಸಿದಳು.

ಅಷ್ಟಕ್ಕೇ ರಸ್ತೆಗೆ ಬಿಡಲಿಲ್ಲ. ನಾಲ್ಕು ಸಂಜೆ ಶಾಲೆಯ ಖಾಲಿ ಮೈದಾನದಲ್ಲಿ ಹತ್ತುವುದು, ನಿಲ್ಲಿಸುವುದು, ಇಳಿಯುವುದು. ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು. ಮೊದಲ ಸಂಜೆ ಅವಳ ಕೈ ಸೀಟಿನ ಹಿಂದೆ ಬಿಗಿಯಾಗಿತ್ತು. ಮೂರನೆಯ ಸಂಜೆ ಅಪ್ಪ ಹೇಳಿದರು, "ಕೈ ಬಿಡು ಮಗಳೇ. ಕಾಲಿಗೆ ನೆಲ ಸಿಗ್ತಾ ಇದೆ." ಅವಳು ಬಿಟ್ಟಳು.

ಅವರು ರಸ್ತೆಗಿಳಿದ ಐದನೇ ದಿನ ಅಕ್ಕನ ಮನೆಗೆ ಹೋಗುವ ಓಣಿಯ ತಿರುವಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ಬ್ರೇಕ್ ಹಿಡಿದರು, ಎರಡೂ ಕಾಲು ಊರಿದರು, ನಿಂತರು. ಗಾಡಿ ಹೋದ ಮೇಲೆ ಮುಂದೆ ಹೋದರು. ಸಂಜೆ ಮಗಳಿಗೆ ಇದನ್ನು ತಾವಾಗಿಯೇ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ.

ಅಕ್ಕ ಎಂಟು ತಿಂಗಳ ನಂತರ ತೀರಿಕೊಂಡರು. ವಯಸ್ಸು ತಂದ ಸಾವು, ಅದನ್ನು ಯಾವ ಸೈಕಲ್ಲೂ ತಡೆಯುವುದಿಲ್ಲ. ಆದರೆ ಆ ಎಂಟು ತಿಂಗಳಲ್ಲಿ ಒಂದು ಬೆಳಗೂ ಅವರು ತಮ್ಮನಿಗಾಗಿ ಕಾದು ಕಾದು ಸುಮ್ಮನಾಗಲಿಲ್ಲ. ಕೊನೆಯ ದಿನವೂ ಕಣ್ಣಿಗೆ ಔಷಧಿ ಬಿದ್ದಿತ್ತು, ಪೇಪರ್ ಅರ್ಧದವರೆಗೆ ಓದಿಯಾಗಿತ್ತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಹಿರಿಯರು ಸೈಕಲ್ ಹತ್ತುವುದನ್ನು, ಇಳಿಯುವುದನ್ನು ನಾಳೆ ಒಮ್ಮೆ ನಿಂತು ನೋಡಿ. ಕಾಲು ಎತ್ತಲು ಕಷ್ಟಪಡುತ್ತಿದ್ದರೆ ಸೈಕಲ್ ಬದಲಿಸಿ, ಹಿರಿಯರನ್ನು ಮೂಲೆಗೆ ಕೂರಿಸಬೇಡಿ. ಸಮತೋಲ ಸಿಗದವರಿಗೆ ಮೂರು ಚಕ್ರದ ಸೈಕಲ್ಲೂ ಇದೆ. ಕೊಳ್ಳುವ ಮೊದಲು ಕೂತು ನೋಡಲಿ, ಬ್ರೇಕ್ ಹಿಡಿದು ನೋಡಲಿ, ಒಂದು ಸುತ್ತು ಹೊಡೆದು ನೋಡಲಿ. ಬಿದ್ದ ಮೇಲೆ ಎತ್ತಲು ಹತ್ತು ಕೈ ಓಡಿ ಬರುತ್ತವೆ. ಬೀಳುವ ಮೊದಲು ಜೊತೆಗೆ ಅಂಗಡಿಗೆ ಹೋಗಲು ನೀವೊಬ್ಬರು ಸಾಕು.