ಏಣಿಯ ಬುಡ

ಬೈಂಡರು ಶೆಡ್ಡಿನಿಂದ ಏಣಿ ಎಳೆಯುತ್ತಿದ್ದಾಗ ಅದರ ಒಂದು ಕಾಲು ಹಳೆಯ ಬಕೆಟ್ಟಿಗೆ ಸಿಕ್ಕಿ, ಬಕೆಟ್ಟು ಉರುಳಿ, ಸಾವಿನ ಮನೆಯಲ್ಲಿ ಆಗಬಾರದಷ್ಟು ದೊಡ್ಡ ಸದ್ದಾಯಿತು. ಒಳಗೆ ಅವರ ಹೆಂಡತಿಯ ಹೆಣದ ಸುತ್ತ ಕೂತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಮೊದಲು ಎದ್ದು ಬಂದವಳು ಮಗಳು.

"ಅಪ್ಪಾ, ಇದೇನಿದು? ಏಣಿ ಯಾಕೆ?"

"ದೋಣಿ ಕ್ಲೀನ್ ಮಾಡ್ಬೇಕು."

"ಇವತ್ತಾ?"

"ಇನ್ಯಾವತ್ತು?"

ದೋಣಿ ಎಂದರೆ ಸೂರಿನಂಚಿನಲ್ಲಿ ಮಳೆನೀರು ಹರಿದುಹೋಗಲು ಇಟ್ಟ ತಗಡಿನ ದೋಣಿ. ವರ್ಷವಿಡೀ ಅದರಲ್ಲಿ ಎದುರಿನ ಮರದ ಎಲೆ ಬೀಳುತ್ತದೆ. ಮಳೆಗೆ ಮುಂಚೆ ತೆಗೆಯದಿದ್ದರೆ ನೀರು ಕಟ್ಟಿಕೊಂಡು, ಬೇರೆ ಎಲ್ಲೂ ಜಾಗವಿಲ್ಲವೆಂಬಂತೆ ಮುಂಬಾಗಿಲ ಹೊಸ್ತಿಲ ಮೇಲೇ ಸುರಿಯುತ್ತದೆ. ನಾಲ್ಕು ಗಂಟೆಗೆ ವ್ಯಾನು ಬರುವುದಿತ್ತು. ಹೆಂಡತಿಯನ್ನು ಹೊರಗೆ ತರುವುದು ಆ ಹೊಸ್ತಿಲು ದಾಟಿಯೇ. ಆಕಾಶ ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡು ಕೂತಿತ್ತು. ಮೂರು ವಾರದಿಂದ ಅವಳು ಹೇಳುತ್ತಲೇ ಇದ್ದಳು, ಮೂರು ವಾರದಿಂದ ಇವರು "ನಾಳೆ" ಎನ್ನುತ್ತಲೇ ಇದ್ದರು. ಆ ಕೊಳೆತ ಎಲೆಯ ನೀರು ಅವಳ ಮುಖದ ಮೇಲೆ ಬೀಳುವುದೊಂದು ಆಗಬಾರದು. ಉಳಿದದ್ದೆಲ್ಲ ಆಗಿಹೋಗಿತ್ತು.

"ಜನ ಏನಂದ್ಕೋತಾರೆ? ಛತ್ರಿ ಹಿಡಿದ್ರಾಯ್ತು ಬಿಡಿ."

"ನಿಮ್ಮಮ್ಮ ಛತ್ರಿ ಹಿಡೀರಿ ಅಂತ ಹೇಳಿರ್ಲಿಲ್ಲ."

ಮಗಳಿಗೆ ವಾದಿಸುವ ತ್ರಾಣವಿರಲಿಲ್ಲ. ನಿನ್ನೆಯಿಂದ ಎಲ್ಲರಿಗೂ ಫೋನು ಮಾಡಿ, ಅದೇ ನಾಲ್ಕು ಮಾತು ನಲವತ್ತು ಸಲ ಹೇಳಿ ಅವಳ ಗಂಟಲು ಬಿದ್ದುಹೋಗಿತ್ತು. ಏಣಿಯ ಇನ್ನೊಂದು ತುದಿ ಎತ್ತಿಕೊಂಡಳು.

*

ಮನೆ ಅವರದಾದ ವರ್ಷ ಬೈಂಡರು ಒಂದು ಪುಸ್ತಕ ಮಾಡಿದ್ದರು. ಪ್ರೆಸ್ಸಿನಲ್ಲಿ ದಿನಕ್ಕೆ ನೂರಾರು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಕೈ, ತನ್ನದೇ ಹನ್ನೆರಡು ಪುಟ ಹೊಲಿದು ನೀಲಿ ರಟ್ಟು ಅಂಟಿಸಿತ್ತು. ಬೇಸಿಗೆಗೆ ಮುಂಚೆ ಟ್ಯಾಂಕು ತೊಳೆಯುವುದು. ಮಳೆಗೆ ಮುಂಚೆ ದೋಣಿ, ಮಾಡಿನ ಬಿರುಕು, ಚರಂಡಿಯ ಜಾಲರಿ. ಚಳಿಗೆ ಮುಂಚೆ ಕಿಟಕಿಗಾಜಿನ ಸಂದಿಗೆ ಪುಟ್ಟಿ, ಬಾಗಿಲಿನ ಕೀಲಿಗೆ ಎಣ್ಣೆ.

"ಮನೆ ಕಟ್ಟಿ ನೋಡು ಅಂತಾರೆ," ಎಂದು ಅವಳು ಆ ಪುಸ್ತಕ ತಿರುವಿ ಹಾಕುತ್ತ ನಕ್ಕಿದ್ದಳು. "ಕಟ್ಟಿದ್ಮೇಲೆ ಹೀಗೆ ಕಾದು ನೋಡು ಅಂತ ಯಾರೂ ಹೇಳ್ಲಿಲ್ಲ."

ಬರೆಯುವುದು ಸುಲಭವಿತ್ತು. ಮೊದಲ ಮಳೆಗಾಲಕ್ಕೆ ಏಣಿಯ ಮೂರನೆಯ ಮೆಟ್ಟಿಲು ಹತ್ತಿದಾಗ ಬೈಂಡರ ಮೊಣಕಾಲು ನಡುಗತೊಡಗಿತು. ನೆಲದಿಂದ ಒಂದಾಳು ಎತ್ತರವೂ ಇರಲಿಲ್ಲ. ಹೊಸ ಹೆಂಡತಿಗೆ ಭಯವಾಗುತ್ತದೆ ಎಂದು ಹೇಳುವುದು ಹೇಗೆ? ಅದಕ್ಕೇ ಗತ್ತಿನಿಂದ ಕೂಗಿದರು:

"ಹಿಡಿದಿದ್ದೀಯಾ?"

"ಹಿಡಿದಿದ್ದೀನಿ ರೀ, ಹತ್ತಿ."

ಆ ದನಿ ಕೇಳಿದ್ದೇ ಕಾಲು ಗಟ್ಟಿಯಾಯಿತು. ಅಲ್ಲಿಂದ ಮೂವತ್ತೊಂದು ವರ್ಷ ಹಾಗೆಯೇ ನಡೆಯಿತು. ಮೂರನೆಯ ಮೆಟ್ಟಿಲಿಗೆ ಪ್ರಶ್ನೆ, ಕೆಳಗಿನಿಂದ ಉತ್ತರ, ಆಮೇಲೆ ಕೆಲಸ. ಅವರು ಒಂದು ಸಲವೂ ಕೆಳಗೆ ನೋಡಲಿಲ್ಲ. ಇಳಿಯುವಾಗಲೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡೇ ಇಳಿದು, ನೆಲ ಸಿಕ್ಕಿದ್ದೇ ಹಿತ್ತಲಿನ ನಲ್ಲಿಗೆ ಹೋಗಿ ಬೆವರು ತೊಳೆದುಕೊಳ್ಳುತ್ತಿದ್ದರು.

*

ಏಣಿ ಗೋಡೆಗೆ ಒರಗಿದಾಗ ಬಾಗಿಲ ಮುಂದೆ ಸಣ್ಣ ಸಭೆಯೇ ಸೇರಿತು. ಕುರ್ಚಿ ಜೋಡಿಸುತ್ತಿದ್ದ ಪಕ್ಕದ ಮನೆಯ ಬಡಗಿ ಕೈಯಲ್ಲಿದ್ದುದನ್ನು ಬಿಟ್ಟು ಬಂದ.

"ಸರೀರಿ ಬೈಂಡರೇ, ನಾನು ಹತ್ತೀನಿ. ಐದು ನಿಮಿಷದ ಕೆಲಸ."

"ಬೇಡ. ಅವಳು ಹೇಳಿದ್ದು ನನಗೆ."

"ವಯಸ್ಸೆಷ್ಟು ಅಂತ ನೆನಪಿದೆಯಾ?"

"ಏಣಿಗಿಂತ ಜಾಸ್ತಿ ಇದೆ."

ಯಾರೋ ನಕ್ಕು, ನಗಬಾರದೆಂಬುದು ನೆನಪಾಗಿ ಕೆಮ್ಮಿದರು. ಬಾಗಿಲಲ್ಲಿ ನಿಂತಿದ್ದ ನಾದಿನಿ ಮಾತ್ರ ಅಳುವುದರ ನಡುವೆಯೇ ನಗುವುದನ್ನು ಮುಚ್ಚಿಡಲಿಲ್ಲ. ಅಕ್ಕನ ಹಾಗೆಯೇ ಅವಳಿಗೂ ಎರಡೂ ಒಟ್ಟಿಗೆ ಬರುತ್ತಿದ್ದವು.

"ಬೇಡಿ ಭಾವ. ಇನ್ನು ಕೆಳಗಿಂದ ಉತ್ತರ ಕೊಡೋರ್ಯಾರು? ಅವಳೇನು ಹಿಡಿದಿರ್ತಿದ್ಲು ಅಂದ್ಕೊಂಡ್ರಾ?"

"ಹಾಗಂದ್ರೆ?"

"ಹೋದ ವರ್ಷ ನಾನಿದ್ನಲ್ಲ. ನೀವು ಮೇಲಿಂದ ಹಿಡಿದಿದ್ದೀಯಾ ಅಂತ ಕೂಗೋದು, ಇವಳು ಅಡುಗೆಮನೆ ಕಿಟಕೀಲಿ ಸೌಟು ಆಡಿಸ್ತಾ ಹಿಡಿದಿದ್ದೀನಿ ರೀ ಅನ್ನೋದು! ನನಗೆ ನಗು ತಡೆಯೋಕಾಗ್ಲಿಲ್ಲ. ಬಾಯಿ ಮುಚ್ಕೊಂಡಿರು ಅಂತ ಗದರಿದ್ಲು."

ಹೇಳಿ ಮುಗಿಸುವಷ್ಟರಲ್ಲಿ ನಗು ಹೋಗಿ ಅಳುವಷ್ಟೇ ಉಳಿದಿತ್ತು. ಬೈಂಡರಿಗೆ ಸಿಟ್ಟು ಬಂತು, ಒಳಗೆ ಬಿಳಿ ಹೊದಿಕೆಯಡಿ ಮಲಗಿದವಳ ಮೇಲೆ ನಿಜವಾದ ಸಿಟ್ಟು. ತಾನು ಜೀವ ಕೈಯಲ್ಲಿ ಹಿಡಿದುಕೊಂಡು ಹತ್ತುತ್ತಿದ್ದರೆ ಇವಳು ಸಾರು ತಿರುವುತ್ತಿದ್ದಳೇ? ಏಣಿಯ ಪಕ್ಕದ ಮೋಟುಗೋಡೆಯ ಮೇಲೆ ಕುಸಿದು ಕೂತರು. ಇನ್ನು ಹತ್ತುವುದು ತನ್ನಿಂದ ಆಗದು ಎನ್ನಿಸಿತು. ದೂರದಲ್ಲಿ ಗುಡುಗಿತು.

*

ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷದ ಕೆಲಸ. ಒದ್ದೆ ಹಾಸುಬಟ್ಟೆ ಹಿಂಡುವುದು, ಮಡಿಸುವುದು, ಗಂಟು ಕಟ್ಟಿ ವಾರ್ಡಿಗೆ ಕಳಿಸುವುದು. ಕೊನೆಯ ವರ್ಷಗಳಲ್ಲಿ ಮಣಿಕಟ್ಟು ಊದಿ, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಗಂಡನ ಮುಂದೆ ಚಾಚುತ್ತಿದ್ದಳು. ಅವರು ಪೇಪರಿನಿಂದ ಕಣ್ಣೆತ್ತದೆ ತಿರುಗಿಸಿ ವಾಪಸು ಕೊಡುತ್ತಿದ್ದರು. ಮುಚ್ಚಳ ತೆಗೆಯಲಾಗದ ಕೈ ಏಣಿಯನ್ನು ಹೇಗೆ ಹಿಡಿದೀತು ಎಂದು ಅವರು ಯೋಚಿಸಿಯೇ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ನೀಲಿ ರಟ್ಟಿನ ಪುಸ್ತಕ ತಂದು ಅವರ ಕಾಫಿಯ ಪಕ್ಕ ಇಟ್ಟಳು.

"ಇವತ್ತಾದ್ರೂ ಹತ್ತಿ. ಮೋಡ ನೋಡಿ."

"ನಾಳೆ."

"ಭಯಾನಾ?"

"ಭಯ ಎಂಥದು? ಸುಸ್ತು."

ಅವಳು ಅವರ ಮುಖವನ್ನೇ ನೋಡಿ, "ಆಯ್ತು, ನಾಳೆ" ಎಂದಳು. ಸಂಜೆ ಒಣಗಿದ ಬಟ್ಟೆ ಮಡಿಸುತ್ತ ಕೂತವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ಡಾಕ್ಟರು ಬಂದು ಹೃದಯ ಎಂದರು.

*

"ಬೈಂಡರೇ," ಎಂದ ಬಡಗಿ. "ನನ್ನ ಬಾಯಿಗೆ ಬೀಗ ಹಾಕಿದ್ರು ನಿಮ್ಮನೆಯವರು. ಇನ್ನು ಆ ಬೀಗ ಯಾರಿಗೋಸ್ಕರ?"

ಅವನು ಬಗ್ಗಿ ಗೋಡೆಯ ಬುಡದಲ್ಲಿದ್ದ ಹೂವಿನ ಕುಂಡ ಸರಿಸಿದ. ಅದರ ಹಿಂದೆ, ಮೊಣಕಾಲೆತ್ತರದಲ್ಲಿ, ಗೋಡೆಗೆ ಒಂದು ಕಬ್ಬಿಣದ ಬಳೆ ಜಡಿದಿತ್ತು. ಬಳೆಗೆ ಒಂದು ಮೋಟು ಹಗ್ಗ.

"ನಾಲ್ಕು ವರ್ಷದ ಹಿಂದೆ ನನ್ನ ಕೈಲಿ ಹಾಕಿಸಿದ್ರು. ನೀವು ಪ್ರೆಸ್ಸಿಗೆ ಹೋಗಿದ್ರಿ. ನೀವು ಮೊದಲ್ನೇ ಮೆಟ್ಟಿಲು ಹತ್ತುತ್ಲೇ ಏಣಿ ಕಾಲನ್ನ ಇದಕ್ಕೆ ಕಟ್ಟಿ ಅಡುಗೆಮನೆಗೆ ಹೋಗಿಬಿಡೋರು. ನೀವಿಳಿದು ನಲ್ಲಿ ಹತ್ರ ಹೋದಾಗ ಬಿಚ್ಚೋರು."

"ನನಗೆ ಯಾಕೆ ಹೇಳ್ಲಿಲ್ಲ?"

ಬಡಗಿ ಸುತ್ತಲಿದ್ದವರನ್ನು ನೋಡಿ ದನಿ ತಗ್ಗಿಸಿದ.

"'ನನ್ನ ಕೈಲಿ ಹಿಡಿಯೋಕಾಗಲ್ಲ ಅಂದ್ರೆ ಅವರು ಹತ್ತಲ್ಲ, ಹತ್ಲಿಲ್ಲ ಅಂದ್ರೆ ಹೆದರ್ತಾರೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ' ಅಂದ್ರು. ನಾನು ಕೇಳ್ದೆ, ಬೈಂಡರಿಗೆ ಭಯಾನಾ ಅಂತ. ಮೊದಲ್ನೇ ದಿನದಿಂದ ಅಂದ್ರು."

ಬೈಂಡರು ಬಗ್ಗಿ ಬಳೆಯನ್ನು ಮುಟ್ಟಿ ನೋಡಿದರು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದು ಇದ್ದಿದ್ದರೆ ಅದನ್ನು ಹಿಡಿದುಕೊಂಡಾದರೂ ಇವತ್ತನ್ನು ದಾಟಬಹುದಿತ್ತು.

"ಕಟ್ಟು," ಎಂದರು.

ಬಡಗಿ ಕೈ ಹಾಕುವ ಮೊದಲೇ ಮಗಳು ಬಗ್ಗಿ ಹಗ್ಗ ತೆಗೆದುಕೊಂಡಳು. ಅವಳು ಹಾಕಿದ್ದು ಲಾಂಡ್ರಿಯ ಗಂಟು. ಎಷ್ಟು ಎಳೆದರೂ ಜಾರದು, ಆದರೆ ಬಾಲದ ತುದಿಯೊಂದನ್ನು ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಬೂಟಿನ ಲೇಸಿಗೆ ಕಲಿಸಿಕೊಟ್ಟದ್ದು.

ಬೈಂಡರು ಹತ್ತಿದರು. ಒಂದು, ಎರಡು. ಮೂರನೆಯದಕ್ಕೆ ಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು:

"ಹಿಡಿದಿದ್ದೀಯಾ?"

ಕೆಳಗೆ ಉತ್ತರ ಕೊಡುವ ಧೈರ್ಯ ಯಾರಿಗೂ ಆಗಲಿಲ್ಲ. ಬೈಂಡರು ಉತ್ತರ ಬರಲು ಹಿಡಿಯುತ್ತಿದ್ದಷ್ಟು ಹೊತ್ತು ನಿಂತರು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಕೆಳಗೆ ನೋಡಿದರು. ತಲೆ ತಿರುಗಿತು, ಆದರೂ ಹಗ್ಗ ಕಾಣಿಸಿತು. ನಾಲ್ಕನೆಯ ಮೆಟ್ಟಿಲಿಗೆ ಕಾಲಿಟ್ಟರು.

ದೋಣಿಯ ತುಂಬ ಕಪ್ಪಾಗಿ ಕೊಳೆತ ಎಲೆ. ಮುಷ್ಟಿ ಮುಷ್ಟಿಯಾಗಿ ಬಕೆಟ್ಟಿಗೆ ತುಂಬಿದರು. ಪೈಪಿನ ಬಾಯಿಗೆ ಬೆರಳು ಹಾಕಿ ಕೊನೆಯ ಹಿಡಿ ಕಿತ್ತಾಗ ಕತ್ತಿನ ಮೇಲೆ ಮೊದಲ ಹನಿ ಬಿತ್ತು. ಅವರು ಇಳಿದು ನೆಲ ಮುಟ್ಟುವಷ್ಟರಲ್ಲಿ ಮಳೆ ಜೋರಾಗಿತ್ತು. ನೀರು ಪೈಪಿನೊಳಗೆ ಗುಳುಗುಳು ಎನ್ನುತ್ತ ಚರಂಡಿಗೆ ಹೋಗುತ್ತಿತ್ತು. ಹೊಸ್ತಿಲು ಒಣಗಿಯೇ ಇತ್ತು.

ವ್ಯಾನು ಬಂತು. ಲಾಂಡ್ರಿಯ ಹಳೆಯ ಗೆಳತಿಯರಿಬ್ಬರು ಹೊದಿಕೆಯ ಅಂಚುಗಳನ್ನು ಒಂದು ಸುಕ್ಕೂ ಇಲ್ಲದಂತೆ ಮಡಚಿ ಸಿಕ್ಕಿಸಿದರು. ಒಳಗೆ ಯಾರೋ "ನಿಧಾನ, ನಿಧಾನ" ಎಂದರು.

"ಏಣಿ ತೆಗೀರಿ ಯಜಮಾನ್ರೇ, ದಾರಿಗೆ ಅಡ್ಡ ಇದೆ," ಎಂದ ಡ್ರೈವರು.

ಬೈಂಡರು ನಲ್ಲಿಯ ಕಡೆ ಹೋಗಲಿಲ್ಲ. ಏಣಿಯ ಬುಡದಲ್ಲಿ ಮೊಣಕಾಲೂರಿ ಕೂತು ಗಂಟಿನ ತುದಿ ಹಿಡಿದರು. ಎಲೆಯ ಲೋಳೆ ಮೆತ್ತಿದ ಕೈಯಲ್ಲಿ ಹಗ್ಗ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕೊನೆಗೆ ಬೇರೆ ದಾರಿ ಕಾಣದೆ ಬಗ್ಗಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಲು ಬಾಯಿಯ ಹತ್ತಿರ ತಂದರು. ಹಗ್ಗದ ತುದಿ ಚಪ್ಪಟೆಯಾಗಿ, ಎಳೆ ಎಳೆಯಾಗಿ ಜಗಿದುಹೋಗಿತ್ತು. ಅಲ್ಲಿ ಆಗಲೇ ಹಲ್ಲಿನ ಗುರುತುಗಳಿದ್ದವು.