ಚಕ್ರಕ್ಕೆ ಯಾಕಷ್ಟು ತೂಕ

"ಕಾಲ ಕಡೆ ಸ್ವಲ್ಪ ಎತ್ರಪ್ಪಾ, ಗೋಡೆಗೆ ತಾಗುತ್ತೆ!" ಎಂದು ಚಿಕ್ಕಪ್ಪ ಕೂಗುತ್ತಿದ್ದಾಗಲೇ ಕರೆಂಟು ಹೋಯಿತು. ದೇಹ ಮಲಗಿಸಿದ್ದ ಬೆಂಚನ್ನು ಹೊತ್ತ ನಾಲ್ವರೂ ಕತ್ತಲಲ್ಲಿ ನಿಂತಲ್ಲೇ ನಿಂತರು. ಮನೆಯ ಬಾಗಿಲು ಇಕ್ಕಟ್ಟು, ಬಂದವರಿಗೆ ಮುಖ ನೋಡಲು ಜಾಗವಿಲ್ಲ ಎಂದು ಮೆಕ್ಯಾನಿಕ್ಕನನ್ನು ಅವನ ಷೆಡ್ಡಿಗೇ ತಂದಿದ್ದರು. ಷೆಡ್ಡಿಗೋ ಒಂದು ಕಿಟಕಿಯೂ ಇಲ್ಲ, ಬಾಗಿಲಲ್ಲಿ ಜನ ತುಂಬಿ ಹೊರಗಿನ ಬೆಳಕೂ ನಿಂತಿತ್ತು.

"ಸತ್ತ ಮೇಲೂ ನಮ್ಮಣ್ಣನಿಗೆ ಈ ಷೆಡ್ಡೇ ಬೇಕಾಯ್ತು ನೋಡಿ," ಎಂದು ಚಿಕ್ಕಪ್ಪ ನಗಲು ಹೋಗಿ ಅತ್ತುಬಿಟ್ಟ.

ಮಗಳು ತಡವರಿಸಿಕೊಂಡು ಹೋಗಿ ಬೆಂಚು ಇಳಿಸಲು ಜಾಗ ತೋರಿಸಿದಳು. ಸುತ್ತಲೂ ಮೊಣಕಾಲೆತ್ತರದ ಹಸಿರು ಎಂಜಿನ್ನುಗಳು. ಯುದ್ಧ ಮುಗಿದ ಮೇಲೆ ಸೈನ್ಯ ಗುಜರಿಗೆ ಹಾಕಿದ್ದವು. ಅಪ್ಪ ಒಂದೊಂದನ್ನೇ ತಂದು, ಇದು ಯುದ್ಧದಲ್ಲಿ ಏನು ಕೆಲಸ ಮಾಡಿತ್ತು ಎಂದು ಕಂಡುಹಿಡಿಯುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದೊಂದೇ ಹುಚ್ಚು. ಮೂಲೆಯ ಎಂಜಿನ್ನೊಂದು ಮಾತ್ರ ಅವನಿಗೆ ಬಾಯಿ ಬಿಟ್ಟಿರಲಿಲ್ಲ. ಸಂಜೆಯೊಳಗೆ ಅಪ್ಪನನ್ನು ಎತ್ತುತ್ತಾರೆ, ಗೊತ್ತಿಲ್ಲದೆಯೇ ಹೊರಟುಬಿಡುತ್ತಾನಲ್ಲ ಎಂದುಕೊಂಡಳು.

*

ಅವಳು ಚಿಕ್ಕವಳಿದ್ದಾಗ ಟಾರ್ಚು ಹಿಡಿಯುವ ಕೆಲಸ ಅವಳದು. "ಇಲ್ಲಿ ಮುಟ್ಟಮ್ಮಾ," ಎನ್ನುತ್ತಿದ್ದ ಅಪ್ಪ. ಒಂದು ಎಂಜಿನ್ನಿನ ಪಾದವೆಲ್ಲ ಆಸಿಡ್ ತಿಂದು ತೂತು ತೂತು. "ಬ್ಯಾಟರಿಗಳ ಪಕ್ಕದಲ್ಲೇ ಬಾಳಿದೆ ಇದು. ವೈರ್‌ಲೆಸ್ಸಿನವರದು." ಇನ್ನೊಂದರ ಪೈಪಿನ ಬಾಯಲ್ಲಿ ಕಲ್ಲಿನಂತೆ ಗಟ್ಟಿಯಾದ ಕೆಸರು. "ಸಿಪಾಯಿಗಳು ಅಡಗಿ ಕೂತ ಕಂದಕದಿಂದ ನೀರು ಎಳೆದದ್ದು. ಇದಿಲ್ಲದಿದ್ದರೆ ಎಷ್ಟು ಜನರ ಕಾಲು ಕೊಳೆಯುತ್ತಿತ್ತೋ ಏನೋ!" ಅವಳ ಮೈ ಜುಮ್ಮೆನ್ನುತ್ತಿತ್ತು. ಪಕ್ಕದ ಮನೆಯ ಹೊಲಿಗೆ ಮಿಷನ್ನಿನಷ್ಟೇ ಇರುವ ಈ ಕಬ್ಬಿಣ ಎಲ್ಲೆಲ್ಲಿ ಉಸಿರಾಡಿ ಬಂದಿದೆಯಪ್ಪಾ ಎನಿಸುತ್ತಿತ್ತು.

ಮೂಲೆಯದನ್ನು ಮಾತ್ರ ಅಪ್ಪ ವರ್ಷಗಟ್ಟಲೆ "ಬ್ಯಾಟರಿ ಚಾರ್ಜಿನದು" ಎಂದೇ ಹೇಳಿಕೊಂಡು ಬಂದ. ಡೈನಮೊ ಇತ್ತಲ್ಲ, ಬ್ಯಾಟರಿ ಕಟ್ಟಿ ಓಡಿಸಿದ, ಚಾರ್ಜಾಯಿತು. ಹೋದ ತಿಂಗಳು ಹಾಸಿಗೆಯಲ್ಲಿ ಮಲಗಿದ್ದವನು ಇದ್ದಕ್ಕಿದ್ದಂತೆ, "ನಾನು ಹೇಳಿದ್ದು ಸುಳ್ಳಮ್ಮಾ," ಎಂದ.

"ಯಾವುದಪ್ಪಾ?"

"ಮೂಲೇದು. ಅದರ ಪಕ್ಕದಲ್ಲಿ ತಿರುಗೋ ಚಕ್ರಕ್ಕೆ ಯಾಕಷ್ಟು ತೂಕ? ಹೊತ್ತುಕೊಂಡು ಓಡಬೇಕಾದ ಸಾಮಾನಿಗೆ ಸೈನ್ಯದವರು ಸುಮ್ಮಸುಮ್ಮನೆ ಭಾರ ಕೂಡಿಸ್ತಾರಾ? ಏನೋ ಇದೆ. ನನ್ನ ತಲೆಗೆ ಹೊಳೀತಿಲ್ಲ."

*

"ಮೇಣದಬತ್ತಿ ತನ್ನಿ," ಎಂದ ಚಿಕ್ಕಪ್ಪ.

"ಬೇಡ, ಎಂಜಿನ್ ಹಾಕ್ತೀನಿ," ಎಂದಳು ಮಗಳು. ಡೈನಮೊ ಕಳಚದೆ ಉಳಿದಿದ್ದದ್ದು ಮೂಲೆಯದಕ್ಕೆ ಮಾತ್ರ.

"ಹೆಣ ಮುಂದಿಟ್ಕೊಂಡು ಎಂಜಿನ್ನಾ? ಜನ ಏನಂತಾರೆ?"

ಅಪ್ಪನ ಗೆಳೆಯ, ಲೇತ್ ಮಿಷನ್ನಿನ ಕೆಲಸದವನು, ಎಲ್ಲರೂ ಬೋಲ್ಟು ಎಂದೇ ಕರೆಯುವವನು, ನಡುವೆ ಬಾಯಿ ಹಾಕಿದ. "ಹಾಕಲಿ ಬಿಡಿ ಸ್ವಾಮೀ. ಅವನಿಗೆ ನಮ್ಮ ಗೋಳಾಟಕ್ಕಿಂತ ಆ ಸದ್ದೇ ಇಷ್ಟ."

ಹೊಗೆಯ ಪೈಪನ್ನು ಗೋಡೆಯ ತೂತಿನಿಂದ ಹೊರಗೆ ಬಿಟ್ಟು, ವೈರಿನ ತುದಿಗೆ ಲಾರಿಯ ಬಲ್ಬೊಂದನ್ನು ಸಿಕ್ಕಿಸಿ, ಅವಳು ಹಗ್ಗ ಸುತ್ತಿ ಎಳೆದಳು. ಎಂಜಿನ್ನು ಕೆಮ್ಮಿತು, ಓಡತೊಡಗಿತು. ಅಪ್ಪನ ಮುಖದ ಮೇಲೆ ಬೆಳಕು ಬಿತ್ತು.

ಅವಳು ಬಲ್ಬನ್ನೇ ನೋಡುತ್ತ ನಿಂತಳು. ಇಂಥ ಪುಟ್ಟ ಎಂಜಿನ್ನಿಗೆ ಬಲ್ಬು ಕಟ್ಟಿದರೆ ಪ್ರತಿ ಹೊಡೆತಕ್ಕೂ ಬೆಳಕು ಏರಿ ಇಳಿದು ಕಣ್ಣಿಗೆ ಹಿಂಸೆಯಾಗುತ್ತದೆ. ಇದು ಹಾಗೆ ಮಾಡಲೇ ಇಲ್ಲ. ಹಗಲಿನ ಬೆಳಕಿನ ಹಾಗೆ ಅಲುಗದೆ ನಿಂತೇ ಇತ್ತು.

"ಬೋಲ್ಟು ಮಾಮಾ, ಅಪ್ಪ ಇದಕ್ಕೆ ಯಾವತ್ತಾದ್ರೂ ದೀಪ ಕಟ್ಟಿದ್ರಾ?"

"ಎಲ್ಲಿ! ಚಾರ್ಜಿಂದು ಅಂತ ಹಟ ಹಿಡಿದಿದ್ದ. ಯಾವಾಗಲೂ ಬ್ಯಾಟರಿಯೇ." ಅಷ್ಟರಲ್ಲಿ ಅವನ ಕಣ್ಣೂ ಬಲ್ಬಿನತ್ತ ಹೋಯಿತು. "ಅಯ್ಯೋ... ಆ ಭಾರದ ಚಕ್ರ ಹೊಡೆತವನ್ನೆಲ್ಲ ನುಂಗಿಹಾಕ್ತಿದೆಯಲ್ಲೇ!"

"ಆದ್ರೆ ಯುದ್ಧದಲ್ಲಿ ಇಂಥ ನಿಂತ ಬೆಳಕು ಯಾರಿಗೆ ಬೇಕಿತ್ತು ಮಾಮಾ?"

"ನಮಗೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಬೀದಿಯ ಕೊನೆಯ ಮನೆಯ ನರ್ಸಮ್ಮ. ಪ್ರಾಯದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ಇದ್ದವರು. ಅಪ್ಪ ಅವರ ಫ್ಯಾನು ರಿಪೇರಿ ಮಾಡಿಕೊಡುತ್ತಿದ್ದ, ಆದರೆ ಯುದ್ಧದ ಕಬ್ಬಿಣ ನೋಡಲಾರೆ ಎಂದು ಅವರು ಷೆಡ್ಡಿನ ಹೊಸ್ತಿಲು ದಾಟಿದವರಲ್ಲ. ಈಗ ಗೋಡೆ ಹಿಡಿದುಕೊಂಡು ಒಳಗೆ ಬಂದರು.

"ಇಷ್ಟು ಹತ್ತಿರದಿಂದ ಈ ಸದ್ದು ಕೇಳಿ ಕಾಲು ತಾನಾಗೇ ಒಳಗೆ ಬಂತು ಕಣಮ್ಮಾ. ಟೆಂಟಿನಲ್ಲಿ ಆಪರೇಷನ್ನು. ಮೊದಲಿದ್ದ ಎಂಜಿನ್ನಿಗೆ ದೀಪ ಕುಣಿಯೋದು, ಡಾಕ್ಟರಿಗೆ ರಕ್ತನಾಳ ಎಲ್ಲಿದೆ ಅಂತಲೇ ಕಾಣ್ತಿರಲಿಲ್ಲ. ನಮ್ಮ ಕೈಯಲ್ಲೇ ಹೋದವು ಎಷ್ಟೋ ಸಿಪಾಯಿ ಮಕ್ಕಳು. ಆಮೇಲೆ ಇದು ಬಂತು. ಇಬ್ಬರು ಹೊರಬೇಕು, ಬೈಕೊಂಡೇ ಹೊತ್ತು ತಂದಿಟ್ಟರು. ಅವತ್ತಿಂದ ಡಾಕ್ಟರ ಕೈ ತಪ್ಪಲಿಲ್ಲ."

ಚಿಕ್ಕಪ್ಪ ಟವೆಲನ್ನು ಹೆಗಲಿಂದ ಇಳಿಸಿ, ದೊಡ್ಡವರೊಬ್ಬರು ಕೂತಿದ್ದಾರೇನೋ ಎಂಬಂತೆ ಎಂಜಿನ್ನಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಮಗಳು ಬಗ್ಗಿ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟಳು. "ಆಪರೇಷನ್ ಟೆಂಟಿಂದಂತೆ ಅಪ್ಪಾ. ದೀಪ ಅಲುಗಾಡಬಾರದು ಅಂತ ಆ ತೂಕ. ಕೇಳಿಸ್ತಾ?" ಆಗ ತಡೆದಿಟ್ಟಿದ್ದ ಅಳುವೆಲ್ಲ ಒಟ್ಟಿಗೆ ಬಂತು.

"ಹೊತ್ತಾಯ್ತು, ಎತ್ತೋಣವಾ?" ಎಂದು ಹೊರಗಿನವರು ಕೇಳಿದರು.

"ತಡೀರಪ್ಪಾ," ಎಂದರು ನರ್ಸಮ್ಮ. ಅಪ್ಪನ ಅಂಗಿಯ ತೋಳು ಹೊಲಿಗೆ ಬಿಟ್ಟಿದ್ದು ಈಗ ಕಾಣುತ್ತಿತ್ತು. "ಸೂಜಿ ದಾರ ಕೊಡಮ್ಮಾ. ಹೀಗೇ ಕಳಿಸ್ತೀಯಾ?"

ಅವರು ಬಲ್ಬಿನ ಕೆಳಗೆ ನಿಂತು ಸೂಜಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು.