ಯಾವ ಕೊಟ್ರಮ್ಮ?

ಕೊಟ್ಟೂರಿನ ಒಂದು ಸಣ್ಣ ಆಸ್ಪತ್ರೆ. ಬೆಳಿಗ್ಗೆಯೇ ಚೀಟಿ ಕೌಂಟರಿನ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು.

"ಏನವ್ವಾ, ಒಂದು ಚೀಟಿ ಕೊಡಾಕ ಇಷ್ಟೊತ್ತೇನು?" ಎಂದು ಹಿರಿಯರೊಬ್ಬರು ರೇಗಿದರು.

ಒಳಗೆ ಕುಳಿತ ಮೈಲಮ್ಮನಿಗೆ ಬೆವರಿಳಿಯಿತು. ಆಕೆ ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ ಕಳೆದಿರಲಿಲ್ಲ. ಮೊದಲು ಬಟ್ಟೆ ಅಂಗಡಿಯಲ್ಲಿದ್ದಳು. ಅಲ್ಲಿ ಬಿಲ್ಲನ್ನು ಕೈಯಲ್ಲೇ ಬರೆಯುತ್ತಿದ್ದಳು. ಇಲ್ಲಿ ಎಲ್ಲವೂ ಕಂಪ್ಯೂಟರ್. ಯಾರೋ ಬಂದು ಒಮ್ಮೆ ಗಡಿಬಿಡಿಯಲ್ಲಿ ತೋರಿಸಿ ಹೋಗಿದ್ದರು. ಅರ್ಧ ಮರೆತಿತ್ತು. ಏನು ಒತ್ತಿದರೆ ಏನು ಅಳಿಸಿಹೋಗುತ್ತದೋ ಎಂಬ ಹೆದರಿಕೆ ಬೇರೆ.

ಸಂಜೆ ಮನೆಗೆ ಬಂದಾಗ ಗಂಡ ಹುಲುಗಣ್ಣ ಕುರಿಗಳನ್ನು ಕೂಡಿಹಾಕುತ್ತಿದ್ದ. ಹೆಂಡತಿಯ ಮುಖ ನೋಡಿದ.

"ನಿನಗ್ಯಾಕ ಬೇಕು ಈ ತ್ರಾಸು? ಅಂಗಡಿಗೇ ಹೋಗಿಬಿಡು. ಕಂಪ್ಯೂಟ್ರು ಕಲಿಯಾಕ ಸಣ್ಣ ವಯಸ್ಸಿರಬೇಕು."

"ಅಂಗಡ್ಯಾಗ ದಿನಾ ನಿಂತು ನಿಂತು ಮೊಣಕಾಲು ಹಿಡ್ಕಂತಿದ್ವು. ಇಲ್ಲಿ ಕುಂತು ಮಾಡೋ ಕೆಲಸ. ನನಗಿದು ಬೇಕು ರೀ" ಎಂದಳು ಮೈಲಮ್ಮ.

ಹುಲುಗಣ್ಣ ತಲೆ ಅಲ್ಲಾಡಿಸಿದ. ಅವನಿಗೆ ನಂಬಿಕೆ ಬರಲಿಲ್ಲ.

ಮರುದಿನ ಜ್ವರದಿಂದ ನಡುಗುತ್ತಾ ಒಬ್ಬ ಅಜ್ಜಿ ಬಂದರು. ಹೆಸರು ಕೊಟ್ರಮ್ಮ, ಊರು ಕಾನಹೊಸಹಳ್ಳಿ. ಮೈಲಮ್ಮ ಹೆಸರು ಹಾಕಿದಳು. ಪರದೆಯ ತುಂಬ ಕೊಟ್ರಮ್ಮಂದಿರೇ! ಈ ಕಡೆ ಮನೆಗೊಬ್ಬರು ಕೊಟ್ರಮ್ಮ ಇರುತ್ತಾರೆ. ಹಿಂದಿನಿಂದ ಜನ "ಲಗೂನ, ಲಗೂನ" ಎಂದು ಅವಸರ ಮಾಡುತ್ತಿದ್ದರು. ಮೇಲಿದ್ದ ಹೆಸರನ್ನೇ ಒತ್ತಿ ಚೀಟಿ ಕೊಟ್ಟುಬಿಟ್ಟಳು. ಅಜ್ಜಿ ಡಾಕ್ಟರ ಹತ್ತಿರ ಹೋದರು.

ಇನ್ನೂ ಒಂದಷ್ಟು ಜನಕ್ಕೆ ಚೀಟಿ ಕೊಟ್ಟ ಮೇಲೆ ಮತ್ತೊಬ್ಬ ಕೊಟ್ರಮ್ಮ ಬಂದರು. ಆಗ ಮೈಲಮ್ಮ ಸರಿಯಾಗಿ ನೋಡಿದಳು. ಮೇಲಿದ್ದ ಹೆಸರಿನ ಪಕ್ಕ ಊರು 'ಬಾಗಳಿ' ಎಂದಿತ್ತು. ಅಜ್ಜಿ ಹೇಳಿದ್ದು ಕಾನಹೊಸಹಳ್ಳಿ!

ಹೇಳಿದರೆ ಕೆಲಸ ಹೋದೀತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಬೇರೆಯವರ ಚೀಟಿ ನೋಡಿ ಅಜ್ಜಿಗೆ ಔಷಧ ಕೊಟ್ಟುಬಿಟ್ಟರೆ? ತಟ್ಟನೆ ಎದ್ದು, "ಸ್ವಲ್ಪ ನಿಲ್ರಿ" ಎಂದವಳೇ ಸೂಜಿ ಹಾಕುವ ಕೋಣೆಗೆ ಓಡಿದಳು.

ಅಲ್ಲಿ ನರ್ಸ್ ಶಬ್ನಮ್ ಅಜ್ಜಿಗೆ ಸೂಜಿ ಹಾಕಲು ಸಿದ್ಧವಾಗಿದ್ದಳು.

"ಶಬ್ನಮ್, ತಡಿ! ನಾ ತಪ್ಪು ಮಾಡೀನಿ. ಇದು ಬ್ಯಾರೆ ಕೊಟ್ರಮ್ಮನ ಚೀಟಿ."

ಶಬ್ನಮ್ ಸೂಜಿ ಕೆಳಗಿಟ್ಟಳು. ಆ ಕೋಣೆಯ ಕಂಪ್ಯೂಟರಿನಲ್ಲಿ ಕಾನಹೊಸಹಳ್ಳಿಯ ಕೊಟ್ರಮ್ಮನನ್ನು ಹುಡುಕಿದಳು. ಈಗ ಹಾಕಲಿದ್ದ ಔಷಧದ ಹೆಸರೇ ಅಲ್ಲಿ ಕೆಂಪಕ್ಷರದಲ್ಲಿ ಕಂಡಿತು: ಇವರಿಗೆ ಈ ಔಷಧ ಆಗುವುದಿಲ್ಲ.

"ಹೌದವ್ವಾ" ಎಂದರು ಅಜ್ಜಿ. "ಹೋದ ಸಲ ಯಾವುದೋ ಸೂಜಿ ಹಾಕಿಸ್ಕಂಡು ಮೈಯೆಲ್ಲ ದದ್ದು ಎದ್ದಿದ್ವು. ಉಸಿರಾಡಾಕೂ ಆಗವಲ್ದಾಗಿತ್ತು. ಆ ಔಷಧದ ಹೆಸರು ನನಗೇನು ಗೊತ್ತು? ಕಂಪ್ಯೂಟ್ರಿನಾಗ ಐತಿ ಅಂತ ಸುಮ್ಮನಿದ್ದೆ."

ಡಾಕ್ಟರು ಔಷಧ ಬದಲಿಸಿದರು. ಮೈಲಮ್ಮನಿಗೆ ಬೈಯಲಿಲ್ಲ. "ಹೊಸಬರನ್ನ ಒಬ್ಬರನ್ನೇ ಕೂರಿಸಿದ್ದು ನಮ್ಮ ತಪ್ಪು" ಎಂದರು. ಕೆಲಸ ಕೈಗೆ ಹತ್ತುವವರೆಗೆ ಶಬ್ನಮ್ ಬಿಡುವಾದಾಗಲೆಲ್ಲ ಜೊತೆಗೆ ಕೂರಲಿ ಎಂದು ಹೇಳಿದರು.

ಅಂದು ಊಟದ ಹೊತ್ತಿಗೆ ಶಬ್ನಮ್ ಕುರ್ಚಿ ಎಳೆದುಕೊಂಡು ಕುಳಿತಳು.

"ನಾ ಮುಟ್ಟಿ ಕಂಪ್ಯೂಟ್ರು ಕೆಟ್ಟುಹೋದ್ರ ಏನ್ಮಾಡ್ಲಿ?" ಎಂದಳು ಮೈಲಮ್ಮ.

"ಮುಟ್ಟಿದ ಕೂಡಲೇ ಕೆಡಾಕ ಅದೇನು ಹಾಲೇನಕ್ಕ? ಅಳಿಸೋಕಿಂತ ಮೊದ್ಲು ಅದಾ ಕೇಳತೈತಿ, 'ಅಳಿಸ್ಲೇನು?' ಅಂತ. ಓದ್ರಿ, ಆಮ್ಯಾಲ ಒತ್ರಿ. ಹೆಸರು ಕೇಳ್ರಿ, ಊರು ಕೇಳ್ರಿ, ಫೋನ್ ನಂಬರ್ ಕೇಳ್ರಿ. ಮೂರೂ ಕೂಡಿದ್ರ ಮಾತ್ರ ಚೀಟಿ. ತಿಳೀದಿದ್ರ ನನ್ನ ಕರೀರಿ, ನಾಚಿಕಿ ಬ್ಯಾಡ."

ಮೈಲಮ್ಮ ನಕ್ಕಳು. ತಪ್ಪು ಮಾಡುತ್ತಾ, ಕೇಳುತ್ತಾ, ಮತ್ತೆ ಮಾಡುತ್ತಾ ಹೋದಂತೆ ಬೆರಳುಗಳಿಗೆ ದಾರಿ ಸಿಕ್ಕಿತು.

ಕೆಲವು ವಾರಗಳ ನಂತರ ಹುಲುಗಣ್ಣನ ಕಾಲಿಗೆ ಜಾಲಿಮುಳ್ಳು ಹೊಕ್ಕು ಬಾತುಕೊಂಡಿತು. ಕುಂಟುತ್ತಾ ಬಂದು ಸಾಲಿನಲ್ಲಿ ನಿಂತ.

"ಹೆಸರು ಹೇಳ್ರಿ" ಎಂದಳು ಮೈಲಮ್ಮ.

"ಲೇ, ನನ್ನ ಹೆಸರು ಗೊತ್ತಿಲ್ಲೇನು ನಿನಗ?"

"ಇಲ್ಲಿ ಬ್ಯಾರೆ ಹುಲುಗಣ್ಣಗೋಳೂ ಅದಾರ ರೀ. ಊರು? ಫೋನ್ ನಂಬರ್? ಯಾವುದಾರ ಔಷಧ ಆಗಂಗಿಲ್ಲೇನು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಲುಗಣ್ಣ ಒಂದೊಂದಾಗಿ ಹೇಳಿದ. ಚೀಟಿ ತಕ್ಷಣ ಕೈಗೆ ಬಂತು. ಅವನು ಹಿಂದಿದ್ದವರ ಕಡೆ ತಿರುಗಿ, "ನಮ್ಮ ಮನಿಯಾಕಿನಾ. ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳ್ರಿ ಮತ್ತ" ಎಂದು ಹೆಮ್ಮೆಯಿಂದ ಒಳಗೆ ಹೋದ.

ಅಕ್ಕ, ಅಣ್ಣ, ನೀವೂ ಹೊಸ ಕೆಲಸಕ್ಕೆ ಸೇರಿದ್ದೀರಾ? ಕಂಪ್ಯೂಟರ್ ಕಂಡು ಹೆದರಬೇಡಿ. ತಿಳಿಯದಿದ್ದರೆ ಕೇಳಿ. ತಪ್ಪಾದರೆ ಮುಚ್ಚಿಡದೆ ಕೂಡಲೇ ಹೇಳಿ. ಕೆಲಸ ಬಲ್ಲವರೇ, ಹೊಸಬರ ಪಕ್ಕ ಸ್ವಲ್ಪ ಹೊತ್ತು ಕೂರಿ. ಆಸ್ಪತ್ರೆಗೆ ಹೋದಾಗ ನಿಮ್ಮ ಹೆಸರಿನ ಜೊತೆ ಊರು, ಫೋನ್ ನಂಬರ್, ನಿಮಗೆ ಆಗದ ಔಷಧ ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ಕೌಂಟರಿನಲ್ಲಿ ಹೊಸ ಮುಖ ಕಂಡರೆ ಅವಸರ ಮಾಡಬೇಡಿ. ನೀವು ಕಾಯುವ ಆ ಒಂದು ನಿಮಿಷ ಯಾರದೋ ಜೀವ ಉಳಿಸೀತು.